ಮುದ್ರಾರಾಕ್ಷಸನೂ ಗಣಕಯಂತ್ರವೂ

ಅಚ್ಚುಮೊಳೆ ಜೋಡಿಸುವವನ ಕೈತಪ್ಪಿನಿಂದ ಪುಟಗಳಲ್ಲಿ ಹುಟ್ಟುವ ದೋಷಗಳಿಗೆ ಕನ್ನಡದ ಲೇಖಕರು ಬಹಳ ಹಿಂದೆಯೇ ಒಂದು ಒಪ್ಪುವ ಹೆಸರನ್ನಿಟ್ಟರು: ಮುದ್ರಾರಾಕ್ಷಸ. ವಿಶಾಖದತ್ತನ ನಾಟಕದ ಹೆಸರನ್ನು ಎರವಲು ತಂದು ಅಚ್ಚುಕೂಟದ ಬಾಗಿಲಲ್ಲಿ ನಿಲ್ಲಿಸಿದವರು ಯಾರೇ ಇರಲಿ, ಅವರ ಹಾಸ್ಯಪ್ರಜ್ಞೆ ಸಾಮಾನ್ಯವಾದುದಲ್ಲ. ಆದರೂ ಈ ರಾಕ್ಷಸನು ಎಷ್ಟೇ ಹಾವಳಿ ಮಾಡಿದರೂ ಕಥೆಗೆ ಪ್ರಾಣಾಪಾಯವಿಲ್ಲ. ‘ತಾಯಿ ಮಗುವಿಗೆ ಹಾಳು ಕುಡಿಸಿದಳು’ ಎಂದು ಅಚ್ಚಾದರೆ ವಾಚಕನು ಒಂದು ಕ್ಷಣ ನಕ್ಕು, ‘ಹಾಲು’ ಎಂದೇ ಓದಿಕೊಂಡು ಮುಂದಿನ ಸಾಲಿಗೆ ಸಾಗುತ್ತಾನೆ. ಲೇಖಕನು ಹೇಳಬೇಕೆಂದಿದ್ದುದನ್ನು ತಾನೇ ಊಹಿಸಿ ತಿದ್ದಿಕೊಳ್ಳುವ ಈ ಔದಾರ್ಯವೇ ಓದುಗನ ದೊಡ್ಡ ಗುಣ.

ಈ ಔದಾರ್ಯದ ಲವಲೇಶವೂ ಇಲ್ಲದ ಓದುಗನೊಬ್ಬನು ಏಳೆಂಟು ದಶಕಗಳಿಂದ ಲೋಕದಲ್ಲಿದ್ದಾನೆ. ಅವನೇ ಗಣಕಯಂತ್ರ. ಯಂತ್ರವು ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಸಾಲುಸಾಲಾಗಿ ವಿಧಿಸಿ ಬರೆದ ಬರಹಕ್ಕೆ ಕ್ರಮವಿಧಿ ಎಂದು ಹೆಸರು. ಪ್ರೋಗ್ರಾಂ ಎಂಬುದು ವಾಡಿಕೆಯ ಮಾತು. ಆ ಬರಹದಲ್ಲಿ ಒಂದು ಅರ್ಧವಿರಾಮ ಬಿಟ್ಟುಹೋದರೆ, ಒಂದು ಸೊನ್ನೆಯ ಸ್ಥಳದಲ್ಲಿ ‘ಓ’ ಅಕ್ಷರ ಕುಳಿತರೆ, ಯಂತ್ರವು ಊಹಿಸುವುದಿಲ್ಲ, ನಗುವುದೂ ಇಲ್ಲ. ಒಂದೋ ಕೆಲಸವನ್ನೇ ನಿಲ್ಲಿಸುತ್ತದೆ. ಇಲ್ಲವೇ, ಅದಕ್ಕಿಂತಲೂ ಕೆಟ್ಟದಾಗಿ, ತಪ್ಪು ಕೆಲಸವನ್ನು ತಪ್ಪಿಲ್ಲದೆ ಮಾಡಿ ಮುಗಿಸುತ್ತದೆ.

ಇಂಥ ಬರಹವನ್ನು ಪುಸ್ತಕದಲ್ಲಿ ಅಚ್ಚು ಹಾಕಬೇಕಾಗಿ ಬಂದಾಗ ಒಂದು ವಿಚಿತ್ರವು ನಡೆಯಿತು. ಐದು ಶತಮಾನಗಳಿಂದ ಮುದ್ರಕರು ಸಾಧಿಸಿಕೊಂಡು ಬಂದಿದ್ದ ಕುಶಲತೆಗಳೆಲ್ಲ ಇಲ್ಲಿ ದೋಷಗಳಾಗಿ ನಿಂತವು. ಸಾಲಿನ ಎರಡು ತುದಿಗಳನ್ನೂ ಸಮನಾಗಿಸಲು ಪದಗಳ ನಡುವಣ ತೆರಪನ್ನು ಹಿಗ್ಗಿಸುವುದು ಮುದ್ರಕನ ಜಾಣ್ಮೆ. ಕ್ರಮವಿಧಿಯಲ್ಲಿ ತೆರಪಿಗೂ ಅರ್ಥವುಂಟು. ಉದ್ದವಾದ ಪದವನ್ನು ಸಾಲಿನ ಕೊನೆಯಲ್ಲಿ ಅಡ್ಡಗೆರೆಯಿಟ್ಟು ಒಡೆಯುವುದು ರೂಢಿ. ಕ್ರಮವಿಧಿಯಲ್ಲಿ ಅಡ್ಡಗೆರೆಯೆಂದರೆ ಕಳೆಯುವ ಚಿಹ್ನೆ. ಉದ್ಧರಣ ಚಿಹ್ನೆಗಳನ್ನು ಬಾಗಿಸಿ, ತೆರೆಯುವುದಕ್ಕೊಂದು ಮುಚ್ಚುವುದಕ್ಕೊಂದು ರೂಪ ಕೊಡುವುದು ಅಂದ. ಯಂತ್ರಕ್ಕೆ ತಿಳಿದಿರುವುದು ನೆಟ್ಟಗಿನ ಒಂದೇ ಚಿಹ್ನೆ. ರೋಮನ್ ಲಿಪಿಯಲ್ಲಿ ಎಫ್ ಮತ್ತು ಐ ಅಕ್ಷರಗಳು ಒಟ್ಟಿಗೆ ಬಂದರೆ ಎರಡನ್ನೂ ಬೆಸೆದ ಒಂದೇ ಮೊಳೆಯನ್ನು ಇಡುವುದು ಸೊಗಸು. ಅದೂ ಇಲ್ಲಿ ನಿಷಿದ್ಧ. ಒಳ್ಳೆಯ ಮುದ್ರಕನಾದವನು ತನ್ನ ವಿದ್ಯೆಯನ್ನೆಲ್ಲ ಬಾಗಿಲ ಹೊರಗೆ ಬಿಟ್ಟು ಬರಬೇಕಾದ ಒಂದು ಕೋಣೆ ಇದು.

ದಪ್ಪಕ್ಷರದ ಆಳ್ವಿಕೆ

1960ರಲ್ಲಿ ಯುರೋಪು ಮತ್ತು ಅಮೆರಿಕದ ಪಂಡಿತರ ಸಮಿತಿಯೊಂದು ‘ಆಲ್ಗಾಲ್ 60’ ಎಂಬ ಕ್ರಮವಿಧಿ ಭಾಷೆಯ ವರದಿಯನ್ನು ಪ್ರಕಟಿಸಿತು. ಡೆನ್ಮಾರ್ಕಿನ ಪೀಟರ್ ನೌರ್ ಅದರ ಸಂಪಾದಕರು. ಆ ಪಂಡಿತರಿಗೆ ಅಚ್ಚಿನ ಸಮಸ್ಯೆಯ ಅರಿವು ಚೆನ್ನಾಗಿತ್ತು. ಆದ್ದರಿಂದಲೇ ಅವರು ಒಂದೇ ಭಾಷೆಗೆ ಮೂರು ವೇಷಗಳನ್ನು ಗೊತ್ತುಮಾಡಿದರು: ಆಧಾರಕ್ಕಾಗಿ ಒಂದು, ಪ್ರಕಟಣೆಗಾಗಿ ಒಂದು, ಯಂತ್ರಕ್ಕೆ ಉಣಿಸಲು ಇನ್ನೊಂದು. ಪುಸ್ತಕದ ಪುಟದಲ್ಲಿ ‘ಬಿಗಿನ್’, ‘ಎಂಡ್’ ಮೊದಲಾದ ಆಜ್ಞಾಪದಗಳು ದಪ್ಪಕ್ಷರದಲ್ಲಿ ಮೆರೆಯುತ್ತಿದ್ದವು. ಲೇಖಕನು ತಾನಾಗಿ ಇಟ್ಟುಕೊಂಡ ಹೆಸರುಗಳು ಓರೆಯಕ್ಷರದಲ್ಲಿ ಬರುತ್ತಿದ್ದವು. ಅಂದಿನ ಯಂತ್ರಗಳಿಗೆ ದಪ್ಪವೂ ತಿಳಿಯದು, ಓರೆಯೂ ತಿಳಿಯದು. ಅಲ್ಲಿ ಆಜ್ಞಾಪದದ ಎರಡು ಪಕ್ಕಕ್ಕೂ ಒಂದೊಂದು ಗುರುತಿಟ್ಟು ಬೇರೆ ಮಾಡಿ ತೋರಿಸುತ್ತಿದ್ದರು.

ಕಣ್ಣಿಗೆ ಆ ಪುಟಗಳು ಇಂದಿಗೂ ಹಿತವಾಗಿವೆ. ಆದರೆ ಪುಟದಲ್ಲಿರುವುದು ಒಂದು, ಯಂತ್ರದಲ್ಲಿ ಓಡಿದ್ದು ಇನ್ನೊಂದು. ನಡುವೆ ಮೊಳೆ ಜೋಡಿಸುವವನ ಬೆರಳುಗಳು. ಅಮೆರಿಕದ ಗಣಕ ಸಂಘವಾದ ಎ.ಸಿ.ಎಂ.ನ ಮಾಸಪತ್ರಿಕೆಯು 1960ರಿಂದ ಇಂಥ ಕ್ರಮವಿಧಿಗಳಿಗಾಗಿಯೇ ಒಂದು ವಿಭಾಗವನ್ನು ತೆರೆಯಿತು. ಅದರಲ್ಲಿ ಪ್ರಕಟವಾದುದನ್ನು ದೂರದ ಓದುಗರು ತಮ್ಮ ತಮ್ಮ ಯಂತ್ರಗಳಲ್ಲಿ ಓಡಿಸಿ ನೋಡಿ, ‘ಸರಿಯಿದೆ’ ಎಂದೋ ‘ಇಂಥ ಸಾಲಿನಲ್ಲಿ ಇಂಥ ತಿದ್ದುಪಡಿ ಬೇಕು’ ಎಂದೋ ಪ್ರಮಾಣಪತ್ರ ಬರೆದು ಕಳುಹಿಸುತ್ತಿದ್ದರು. ಪತ್ರಿಕೆಯು ಅವನ್ನೂ ಅಚ್ಚು ಹಾಕುತ್ತಿತ್ತು. ಕಥೆ ಕಾದಂಬರಿಗಳಿಗೂ ಇಂಥ ಪ್ರಮಾಣಪತ್ರದ ಪದ್ಧತಿ ಬಂದಿದ್ದರೆ ಎಷ್ಟು ಲೇಖಕರು ಉಳಿಯುತ್ತಿದ್ದರೋ!

ದಪ್ಪಕ್ಷರದ ಮಾರ್ಗಕ್ಕೆ ಎದುರಾಗಿ ಬೆಳೆದುದು ಬೆರಳಚ್ಚಿನ ಮಾರ್ಗ. ಐಬಿಎಂ ಕಂಪನಿಯ ಬೆರಳಚ್ಚು ಯಂತ್ರಗಳಿಗಾಗಿ 1950ರ ದಶಕದ ನಡುವಿನಲ್ಲಿ ಹೋವರ್ಡ್ ಕೆಟ್ಲರ್ ಎಂಬವರು ‘ಕೂರಿಯರ್’ ಎಂಬ ಅಕ್ಷರಮಾದರಿಯನ್ನು ರೂಪಿಸಿದರು. ಅದರಲ್ಲಿ ತೆಳ್ಳಗಿನ ಐ ಅಕ್ಷರಕ್ಕೂ ಅಗಲವಾದ ಎಂ ಅಕ್ಷರಕ್ಕೂ ಒಂದೇ ಅಗಲದ ಜಾಗ. ಸೌಂದರ್ಯಜ್ಞರು ಮೂಗು ಮುರಿಯಬಹುದು. ಆದರೆ ಕ್ರಮವಿಧಿಯ ಸಾಲುಗಳು ಒಂದರ ಕೆಳಗೊಂದು ಸೈನಿಕರಂತೆ ಕಂಬಸಾಲಾಗಿ ನಿಲ್ಲಬೇಕಾದರೆ ಈ ಸಮಾನತೆಯೇ ಬೇಕು. ಎಷ್ಟೋ ಪುಸ್ತಕಗಳಲ್ಲಿ ಯಂತ್ರವು ಮುದ್ರಿಸಿಕೊಟ್ಟ ಹಾಳೆಯನ್ನೇ ಛಾಯಾಚಿತ್ರ ತೆಗೆದು ಅಚ್ಚಿಗೆ ಹಾಕತೊಡಗಿದರು. ಮಾಸಲು ಶಾಯಿ, ಮುರಿದ ಅಕ್ಷರ, ಎಲ್ಲವೂ ಹಾಗೆಯೇ ಬಂದವು. ಅಂದವಿರಲಿಲ್ಲ, ನಿಜ, ಆದರೆ ನಡುವೆ ಕೈಯಾಡಿಸುವವರಿರಲಿಲ್ಲ.

1978ರಲ್ಲಿ ಬೆಲ್ ಪ್ರಯೋಗಾಲಯದ ಬ್ರಯಾನ್ ಕರ್ನಿಘನ್ ಮತ್ತು ಡೆನ್ನಿಸ್ ರಿಚಿ ಅವರ ಸಿ ಭಾಷೆಯ ಪುಸ್ತಕ ಹೊರಬಂದಾಗ ಈ ಎರಡು ಮಾರ್ಗಗಳೂ ಕೂಡಿದವು. ವಿವರಣೆಗೆ ಟೈಮ್ಸ್ ಅಕ್ಷರ, ಕ್ರಮವಿಧಿಗೆ ಕೂರಿಯರ್. ಮೊಳೆ ಜೋಡಿಸಿದವರು ಬೇರೆ ಯಾರೂ ಅಲ್ಲ. ಗ್ರಂಥಕರ್ತರೇ ತಮ್ಮ ಯೂನಿಕ್ಸ್ ಯಂತ್ರದಿಂದ ಬೆಳಕಚ್ಚಿನ ಯಂತ್ರವನ್ನು ನಡೆಸಿ ಪುಟಗಳನ್ನು ಕಟ್ಟಿದರು. ಪುಸ್ತಕದಲ್ಲಿರುವ ಉದಾಹರಣೆಗಳನ್ನೆಲ್ಲ ಪುಸ್ತಕದ ಪಾಠದಿಂದಲೇ ನೇರವಾಗಿ ತೆಗೆದು ಯಂತ್ರದಲ್ಲಿ ಪರೀಕ್ಷಿಸಲಾಗಿದೆಯೆಂದು ಅವರು ಮುನ್ನುಡಿಯಲ್ಲಿ ತಿಳಿಸಿದರು. ಅಂದರೆ ಅಚ್ಚಿಗೆ ಹೋದ ಪಾಠವೂ ಯಂತ್ರವು ಓದಿದ ಪಾಠವೂ ಒಂದೇ. ಅದರ ಅಗ್ಗದ ಭಾರತೀಯ ಆವೃತ್ತಿಯನ್ನು ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದವರ ಸಂಖ್ಯೆ ಚಿಕ್ಕದಲ್ಲ. ಆ ತೆಳು ಪುಸ್ತಕದ ಉದಾಹರಣೆಗಳು ಬರೆದಂತೆಯೇ ಓಡುತ್ತಿದ್ದುದರ ಗುಟ್ಟು ಅವರಲ್ಲಿ ಎಷ್ಟು ಮಂದಿಗೆ ಹೊಳೆಯಿತೋ ತಿಳಿಯದು.

ಇದೇ ಕಾಲದಲ್ಲಿ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕನೂತ್ ಅವರಿಗೆ ಒಂದು ಆಘಾತವಾಯಿತು. ಅವರ ಗಣಕಶಾಸ್ತ್ರದ ಮಹಾಗ್ರಂಥದ ಮೊದಲ ಸಂಪುಟವು 1968ರಲ್ಲಿ ಕಾದ ಸೀಸದ ಮೊನೊಟೈಪ್ ಮೊಳೆಗಳಲ್ಲಿ ಅಚ್ಚಾಗಿ ಬಂದಿತ್ತು. 1977ರಲ್ಲಿ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ಕೈಸೇರಿದಾಗ, ಹೊಸ ಬೆಳಕಚ್ಚಿನ ಅಕ್ಷರಗಳ ಕುರೂಪವನ್ನು ಕಂಡು ಅವರು ಗ್ರಂಥರಚನೆಯನ್ನೇ ಬದಿಗಿಟ್ಟು, ಅಚ್ಚಿನ ಜೋಡಣೆಗೆ ತಮ್ಮದೇ ಕ್ರಮವಿಧಿಯೊಂದನ್ನು ಬರೆಯಲು ಕುಳಿತರು. ಅದೇ ‘ಟೆಕ್’. ಅಲ್ಪಕಾಲದ ವಿರಾಮವೆಂದು ಬಗೆದದ್ದು ಹತ್ತು ವರ್ಷಗಳ ತಪಸ್ಸಾಯಿತು.

ಕ್ರಮವಿಧಿಯು ಮೊದಲು ಮನುಷ್ಯನು ಓದಬೇಕಾದ ಸಾಹಿತ್ಯ, ಯಂತ್ರಕ್ಕೆ ಅದು ಆಮೇಲಿನ ಮಾತು, ಎಂಬುದು ಕನೂತ್ ಅವರ ಪಕ್ಷ. ಈ ಪದ್ಧತಿಯನ್ನು ಅವರು 1984ರ ಪ್ರಬಂಧವೊಂದರಲ್ಲಿ ವಿವರಿಸಿದರು. ಲೇಖಕನು ವಿವರಣೆಯನ್ನೂ ಆಜ್ಞೆಗಳನ್ನೂ ಒಂದೇ ಹಸ್ತಪ್ರತಿಯಲ್ಲಿ ಹೆಣೆದು ಬರೆಯುತ್ತಾನೆ. ‘ಟ್ಯಾಂಗಲ್’ ಎಂಬ ಸಾಧನವು ಅದರಿಂದ ಯಂತ್ರಕ್ಕೆ ಬೇಕಾದುದನ್ನು ಬಿಡಿಸಿಕೊಡುತ್ತದೆ. ‘ವೀವ್’ ಎಂಬ ಇನ್ನೊಂದು ಸಾಧನವು ಅದೇ ಹಸ್ತಪ್ರತಿಯಿಂದ ದಪ್ಪಕ್ಷರ, ಓರೆಯಕ್ಷರಗಳಿಂದ ಅಲಂಕೃತವಾದ ಪುಟವನ್ನು ನೇಯುತ್ತದೆ. ಟೆಕ್ ಕ್ರಮವಿಧಿಯ ಸಮಗ್ರ ಪಾಠವೇ ಹೀಗೆ ನೇಯ್ದ ಪುಸ್ತಕವಾಗಿ 1986ರಲ್ಲಿ ಹೊರಬಂದಿತು. ತಪ್ಪು ಕಂಡುಹಿಡಿದವರಿಗೆ ಕನೂತ್ ಅವರು 2008ರವರೆಗೆ ಹಣ ಕಳುಹಿಸುತ್ತಿದ್ದ ಪದ್ಧತಿ ಲೋಕಪ್ರಸಿದ್ಧ; ಅವರ ಪುಸ್ತಕಗಳಲ್ಲಿನ ಒಂದು ತಪ್ಪಿಗೆ ಎರಡು ಡಾಲರು ಐವತ್ತಾರು ಸೆಂಟು. 256 ಸೆಂಟು ಎಂದರೆ ಹದಿನಾರರ ಲೆಕ್ಕದಲ್ಲಿ ಒಂದು ಪೂರ್ಣ ಡಾಲರು ಎಂಬುದು ಗಣಿತಜ್ಞನ ವಿನೋದ. ಬಂದ ಚೆಕ್ಕನ್ನು ಹಣ ಮಾಡಿಕೊಳ್ಳದೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವರೇ ಹೆಚ್ಚು.

ಸಾಲಿನ ಉದ್ದ, ಪುಟದ ಅಗಲ

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ವಾಚಕರು ತಾವೇ ಮಾಡಿ ನೋಡಬಹುದು. ಗಣಕದ ಸಾಲಿನಲ್ಲಿ 80 ಅಕ್ಷರಗಳಿರುವುದು ಹಳೆಯ ರೂಢಿ. 1928ರಲ್ಲಿ ಐಬಿಎಂ ಹೊರತಂದ ರಂಧ್ರಪತ್ರದಲ್ಲಿ 80 ಕಂಬಸಾಲುಗಳಿದ್ದುದರ ಉಳಿಕೆ ಅದು. ಹತ್ತು ಪಾಯಿಂಟಿನ ಕೂರಿಯರ್‌ನಲ್ಲಿ ಒಂದು ಅಕ್ಷರಕ್ಕೆ ಆರು ಪಾಯಿಂಟು ಅಗಲ. ಎಂಬತ್ತು ಅಕ್ಷರಕ್ಕೆ 480 ಪಾಯಿಂಟು. ಅಂಗುಲಕ್ಕೆ 72 ಪಾಯಿಂಟಿನಂತೆ ಆರೂಮುಕ್ಕಾಲು ಅಂಗುಲಕ್ಕೆ ಸ್ವಲ್ಪ ಕಡಮೆ. ಕೈಯಲ್ಲಿ ಹಿಡಿಯುವ ಸಾಮಾನ್ಯ ಪುಸ್ತಕದಲ್ಲಿ ಅಚ್ಚಿನ ಅಗಲ ನಾಲ್ಕೂವರೆ ಅಂಗುಲವೆಂದರೆ ಹಿಡಿಯುವುದು 54 ಅಕ್ಷರ ಮಾತ್ರ. ಉಳಿದ ಇಪ್ಪತ್ತಾರು ಎಲ್ಲಿಗೆ ಹೋಗಬೇಕು? ಅಕ್ಷರವನ್ನು ಕುಗ್ಗಿಸಿದರೆ ಕಣ್ಣಿಗೆ ಕಷ್ಟ. ಸಾಲನ್ನು ಮುರಿದರೆ ಅರ್ಥಕ್ಕೆ ಕಷ್ಟ. ಮುರಿಯಲೇಬೇಕಾದರೆ, ‘ಇದು ಹೊಸ ಸಾಲಲ್ಲ, ಹಿಂದಿನದರ ಮುಂದುವರಿಕೆ’ ಎಂದು ಹೇಳುವ ಗುರುತೊಂದನ್ನು ಇಡಬೇಕು. ಆ ಗುರುತು ಕ್ರಮವಿಧಿಯ ಭಾಗವೆಂದು ಯಾರೂ ಭ್ರಮಿಸದಂತೆ ಬೇರೆ ರೂಪದಲ್ಲಿರಬೇಕು.

ತೆರಪಿನ ಸಂಕಟ ಇದಕ್ಕಿಂತ ಆಳವಾದುದು. 1976ರಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ರಚಿಸಿದ ‘ಮೇಕ್’ ಎಂಬ ಸಾಧನದಲ್ಲಿ ಕೆಲವು ಸಾಲುಗಳು ಟ್ಯಾಬ್ ಎಂಬ ಅದೃಶ್ಯ ಚಿಹ್ನೆಯಿಂದಲೇ ಆರಂಭವಾಗಬೇಕು. ಎಂಟು ಬಿಡಿ ತೆರಪುಗಳನ್ನಿಟ್ಟರೆ ಕಣ್ಣಿಗೆ ಏನೂ ಭೇದವಿಲ್ಲ. ಯಂತ್ರಕ್ಕೆ ಮಾತ್ರ ಅದು ಅಪರಾಧ. ಇದು ಅನರ್ಥವೆಂದು ಕರ್ತೃವಿಗೆ ಬೇಗನೆ ಹೊಳೆಯಿತಂತೆ. ಆದರೆ ಅಷ್ಟರಲ್ಲಿ ಹನ್ನೆರಡು ಮಂದಿಯಷ್ಟು ಬಳಕೆದಾರರು ಹುಟ್ಟಿಕೊಂಡಿದ್ದರು. ಅವರಿಗೆ ತೊಂದರೆಯಾಗಬಾರದೆಂದು ಹಾಗೆಯೇ ಬಿಟ್ಟರು. ಆ ಹನ್ನೆರಡು ಮಂದಿಯ ಸೌಕರ್ಯಕ್ಕಾಗಿ ಲಕ್ಷಾಂತರ ಮಂದಿ ಇಂದಿಗೂ ಕಾಣದ ಚಿಹ್ನೆಯನ್ನು ಹುಡುಕುತ್ತಿದ್ದಾರೆ. 1991ರಲ್ಲಿ ಬಂದ ಪೈಥಾನ್ ಭಾಷೆಯಲ್ಲಂತೂ ಸಾಲಿನ ಮೊದಲ ತೆರಪೇ ವ್ಯಾಕರಣ. ಮುದ್ರಕನು ಎಡಗಡೆಯ ತೆರಪನ್ನು ಒಂದಿಷ್ಟು ಒತ್ತರಿಸಿದರೆ ವಾಕ್ಯದ ಅರ್ಥವೇ ಬದಲಾಗುತ್ತದೆ.

1980ರ ದಶಕದಲ್ಲಿ ಪಾಶ್ಚಾತ್ಯ ದೇಶಗಳ ಮನೆಗಳಿಗೆ ಚಿಕ್ಕ ಗಣಕಗಳು ಬಂದಾಗ ಈ ಸಂಕಟವು ಮಕ್ಕಳ ಪಾಲಿಗೂ ಬಂದಿತು. ಅಂದಿನ ಮಾಸಪತ್ರಿಕೆಗಳು ಆಟಗಳ ಕ್ರಮವಿಧಿಗಳನ್ನು ಪುಟಗಟ್ಟಲೆ ಅಚ್ಚು ಹಾಕುತ್ತಿದ್ದವು. ಹುಡುಗರು ಸಂಜೆಯಿಡೀ ಕುಳಿತು ಒಂದೊಂದೇ ಅಂಕಿಯನ್ನು ಒತ್ತಿ ಗಣಕಕ್ಕೆ ಏರಿಸುತ್ತಿದ್ದರು. ಸಾವಿರ ಅಂಕಿಗಳಲ್ಲಿ ಒಂದು ತಪ್ಪಿದರೆ ಆಟವಿಲ್ಲ, ಆ ಒಂದು ಎಲ್ಲಿದೆಯೆಂದು ತಿಳಿಯುವ ದಾರಿಯೂ ಇಲ್ಲ. ಅಮೆರಿಕದ ‘ಕಂಪ್ಯೂಟ್!’ ಬಳಗದ ಪತ್ರಿಕೆಯು 1983ರ ಅಕ್ಟೋಬರಿನಲ್ಲಿ ಚಾರ್ಲ್ಸ್ ಬ್ರಾನನ್ ರಚಿಸಿದ ಒಂದು ಉಪಾಯವನ್ನು ಪ್ರಕಟಿಸಿತು. ಪ್ರತಿ ಸಾಲಿನ ಅಕ್ಷರಗಳಿಗೆ ಇರುವ ಸಂಖ್ಯೆಗಳನ್ನು ಕೂಡಿಸಿ ಬಂದ ತಾಳೆಯಂಕಿಯನ್ನು ಸಾಲಿನ ಜೊತೆಗೇ ಅಚ್ಚು ಹಾಕುವುದು. ಹುಡುಗನು ಸಾಲನ್ನು ಒತ್ತಿ ಮುಗಿಸಿದೊಡನೆ ಗಣಕವು ತನ್ನ ಲೆಕ್ಕದ ಅಂಕಿಯನ್ನು ತೆರೆಯ ಮೇಲೆ ತೋರಿಸುವುದು. ಎರಡೂ ಹೊಂದಿದರೆ ಸಾಲು ಸರಿ. ಬರಿಯ ಕೂಡಿಕೆಯಾದುದರಿಂದ ಮೊದಲ ರೂಪದಲ್ಲಿ ಒಂದು ಲೋಪವಿತ್ತು: ಅಕ್ಕಪಕ್ಕದ ಎರಡು ಅಕ್ಷರಗಳು ಅದಲುಬದಲಾದರೆ ಮೊತ್ತ ಬದಲಾಗುವುದಿಲ್ಲ. ತರುವಾಯದ ರೂಪದಲ್ಲಿ ಅದನ್ನೂ ಸರಿಪಡಿಸಿದರು. ಆಟದ ಪುಟಗಳಲ್ಲಿ ಹುಟ್ಟಿದ ಈ ಬಗೆಯ ತಾಳೆಯಂಕಿಯು ಹತ್ತು ಹದಿನೈದು ವರ್ಷಗಳ ಮೇಲೆ ಒಂದು ದೊಡ್ಡ ಸರ್ಕಾರದ ಕಾನೂನಿನೆದುರು ನಿಲ್ಲಬೇಕಾಯಿತು.

ಪುಸ್ತಕವಾಗಿ ಗಡಿ ದಾಟಿದ್ದು

1991ರಲ್ಲಿ ಅಮೆರಿಕದ ಫಿಲ್ ಜಿಮ್ಮರ್‌ಮನ್ ಎಂಬವರು ‘ಪಿಜಿಪಿ’ ಎಂಬ ಕ್ರಮವಿಧಿಯನ್ನು ಬರೆದು ಜನರಿಗೆ ಉಚಿತವಾಗಿ ಕೊಟ್ಟರು. ಸಾಮಾನ್ಯ ಮನುಷ್ಯನು ತನ್ನ ಪತ್ರವನ್ನು ಗೂಢಲಿಪಿಯಾಗಿಸಿ ಕಳುಹಿಸಲು ಅದು ನೆರವಾಗುತ್ತಿತ್ತು. ಸರ್ಕಾರಕ್ಕೂ ಸುಲಭವಾಗಿ ಒಡೆಯಲಾಗದಷ್ಟು ಬಲವಾದ ಗೂಢಲಿಪಿ. ಅಂದಿನ ಅಮೆರಿಕದ ಕಾನೂನು ಇಂಥ ಸಾಧನಗಳನ್ನು ಯುದ್ಧಸಾಮಗ್ರಿಗಳ ಪಟ್ಟಿಯಲ್ಲಿ ಸೇರಿಸಿತ್ತು. ಅಪ್ಪಣೆಯಿಲ್ಲದೆ ಹೊರದೇಶಕ್ಕೆ ಕಳುಹಿಸುವುದೆಂದರೆ ಮದ್ದುಗುಂಡು ಸಾಗಿಸಿದಷ್ಟೇ ಅಪರಾಧ. ಪಿಜಿಪಿ ಹೇಗೋ ಗಡಿಯಾಚೆಗೆ ಹರಡಿತು. 1993ರಲ್ಲಿ ಜಿಮ್ಮರ್‌ಮನ್ನರ ಮೇಲೆ ತನಿಖೆ ಆರಂಭವಾಯಿತು. ಮೂರು ವರ್ಷ ಅವರು ಸೆರೆಮನೆಯ ಭಯದ ನೆರಳಿನಲ್ಲಿ ಬಾಳಿದರು.

ಈ ಕಾನೂನಿನ ವಿಚಿತ್ರವನ್ನು ಬಯಲಿಗೆಳೆದವರು ಫಿಲ್ ಕಾರ್ನ್ ಎಂಬ ಇಂಜಿನಿಯರರು. ಬ್ರೂಸ್ ಶ್ನಯರ್ ಬರೆದ ಗೂಢಲಿಪಿ ಶಾಸ್ತ್ರದ ಪುಸ್ತಕವೊಂದರ ಕೊನೆಯಲ್ಲಿ ಹಲವು ಕ್ರಮವಿಧಿಗಳು ಅಚ್ಚಾಗಿದ್ದವು. ಈ ಪುಸ್ತಕವನ್ನು ಹೊರದೇಶಕ್ಕೆ ಕಳುಹಿಸಬಹುದೇ ಎಂದು ಕಾರ್ನ್ 1994ರಲ್ಲಿ ಸರ್ಕಾರವನ್ನು ಕೇಳಿದರು. ಧಾರಾಳವಾಗಿ, ಎಂದು ಉತ್ತರ ಬಂತು. ಅದೇ ಕ್ರಮವಿಧಿಗಳನ್ನು, ಅಕ್ಷರಶಃ ಅವನ್ನೇ, ತುಂಬಿದ ಫ್ಲಾಪಿ ತಟ್ಟೆಯನ್ನು ಕಳುಹಿಸಬಹುದೇ ಎಂದು ಮತ್ತೆ ಕೇಳಿದರು. ಕೂಡದು, ಅದು ಯುದ್ಧಸಾಮಗ್ರಿ, ಎಂದು ಉತ್ತರ! ಕಾಗದದ ಮೇಲಿದ್ದರೆ ವಿದ್ಯೆ, ತಟ್ಟೆಯ ಮೇಲಿದ್ದರೆ ಆಯುಧ. ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯು ಪುಸ್ತಕಗಳಿಗೆ ಕೊಟ್ಟಿರುವ ರಕ್ಷಣೆಯೇ ಈ ಭೇದದ ಹಿಂದಿನ ಕಾರಣ.

ಈ ಭೇದವನ್ನೇ ಬಾಗಿಲಾಗಿ ಬಳಸಿದರು. 1995ರಲ್ಲಿ ಎಂಐಟಿ ವಿಶ್ವವಿದ್ಯಾಲಯದ ಮುದ್ರಣಾಲಯವು ಪಿಜಿಪಿಯ ಸಮಗ್ರ ಮೂಲಪಾಠವನ್ನು ಒಂದು ಪುಸ್ತಕವಾಗಿ ಪ್ರಕಟಿಸಿತು. ಅದನ್ನು ಕುಳಿತು ಓದುವವರು ವಿರಳ. ಅಕ್ಷರಗುರುತು ಯಂತ್ರವು ಓದಲೆಂದೇ ಅದು ಅಚ್ಚಾಗಿತ್ತು. ಅದೇ ವರ್ಷ ಬರ್ಕ್ಲಿಯಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಡೇನಿಯಲ್ ಬರ್ನ್‌ಸ್ಟೈನ್ ಇದೇ ಕಾನೂನಿನ ಮೇಲೆ ದಾವೆ ಹೂಡಿದರು. ಕ್ರಮವಿಧಿಯ ಮೂಲಪಾಠವೂ ಮಾತೇ, ಮಾತಿಗಿರುವ ರಕ್ಷಣೆ ಅದಕ್ಕೂ ಉಂಟು, ಎಂದು ನ್ಯಾಯಾಧೀಶೆ ಮೆರಿಲಿನ್ ಹಾಲ್ ಪಟೇಲ್ 1996ರಲ್ಲಿ ತೀರ್ಮಾನ ಕೊಟ್ಟರು. ಆ ವರ್ಷದ ಜನವರಿಯಲ್ಲಿಯೇ ಜಿಮ್ಮರ್‌ಮನ್ನರ ಮೇಲಿನ ತನಿಖೆಯನ್ನು ಆಪಾದನೆಯಿಲ್ಲದೆ ಕೈಬಿಟ್ಟಿದ್ದರು.

1997ರಲ್ಲಿ ಪಿಜಿಪಿಯ ಐದನೆಯ ರೂಪ ಸಿದ್ಧವಾಯಿತು. ಈ ಬಾರಿ ಅಚ್ಚಾದುದು ಹನ್ನೆರಡು ಸಂಪುಟ, ಆರು ಸಾವಿರಕ್ಕೂ ಹೆಚ್ಚು ಪುಟ. ಇಷ್ಟನ್ನು ಯಂತ್ರದ ಕಣ್ಣಿನಿಂದ ಓದಿಸಿ, ಒಂದು ಚುಕ್ಕೆಯೂ ತಪ್ಪದಂತೆ ಮತ್ತೆ ಕ್ರಮವಿಧಿಯಾಗಿಸುವುದೆಂದರೆ ಹುಡುಗಾಟವಲ್ಲ. ಸಾವಿರ ಅಕ್ಷರಕ್ಕೆ ಒಂದು ತಪ್ಪು ಮಾಡುವ ಯಂತ್ರವೆಂದರೆ ಒಳ್ಳೆಯ ಯಂತ್ರ. ಆದರೆ ಒಂದು ಪುಟದಲ್ಲಿ ಎರಡು ಮೂರು ಸಾವಿರ ಅಕ್ಷರಗಳಿದ್ದರೆ ಪುಟಕ್ಕೆ ಎರಡು ಮೂರು ತಪ್ಪು ನಿಶ್ಚಯ.

ಈ ಅಗತ್ಯವೇ ಕ್ರಮವಿಧಿಯನ್ನು ಅಚ್ಚು ಹಾಕುವ ವಿದ್ಯೆಯನ್ನು ಅದರ ತುದಿಗೆ ಒಯ್ದಿತು. ಕಾಲಿನ್ ಪ್ಲಂಬ್, ಮಾರ್ಕ್ ವೀವರ್ ಮತ್ತು ಜಿಮ್ಮರ್‌ಮನ್ ಇದಕ್ಕೆಂದೇ ಸಾಧನಗಳನ್ನು ಸಿದ್ಧಪಡಿಸಿದರು. ಆ ಸಾಧನಗಳೂ ಪುಸ್ತಕವಾಗಿಯೇ ಪ್ರಕಟವಾದವು. ಕಾಗದದ ಮೇಲೆ ಕಾಣದ ಟ್ಯಾಬ್ ಚಿಹ್ನೆಗೆ ಕಾಣುವ ಗುರುತನ್ನು ಕೊಟ್ಟರು. ಒಂದರ ಪಕ್ಕ ಒಂದು ಬರುವ ತೆರಪುಗಳಿಗೂ ಗುರುತಿಟ್ಟರು. ಏಕೆಂದರೆ ಬಿಳಿಯ ಜಾಗದಲ್ಲಿ ತೆರಪು ಐದಿವೆಯೋ ಆರಿವೆಯೋ ಎಂದು ಯಾವ ಕಣ್ಣೂ ಆಣೆಯಿಟ್ಟು ಹೇಳಲಾರದು. ಉದ್ದದ ಸಾಲನ್ನು ಮುರಿದಲ್ಲಿ ಮುರಿದ ಗುರುತು. ಪ್ರತಿ ಸಾಲಿನ ಆರಂಭದಲ್ಲಿ ಆ ಸಾಲಿನ ತಾಳೆಯಂಕಿ. ಬರಿಯ ಕೂಡಿಕೆಯಲ್ಲ, ಸಾಲಿನ ಅಕ್ಷರಗಳನ್ನೆಲ್ಲ ಒಂದು ದೊಡ್ಡ ಸಂಖ್ಯೆಯೆಂದು ಬಗೆದು ಗೊತ್ತಾದ ಭಾಜಕದಿಂದ ಭಾಗಿಸಿದಾಗ ಉಳಿಯುವ ಶೇಷದಂಥದು. ಅಕ್ಷರಗಳು ಅದಲುಬದಲಾದರೂ ಅದು ಹಿಡಿಯುತ್ತದೆ. ಒಂದು ಸಾಲೇ ಬಿಟ್ಟುಹೋದರೆ ತಿಳಿಯಲೆಂದು ಪುಟದ ಆರಂಭದಿಂದ ಕೂಡುತ್ತ ಬರುವ ಇನ್ನೊಂದು ಅಂಕಿ. ಪುಟದ ತಲೆಯಲ್ಲಿ ಇಡೀ ಪುಟದ ಲೆಕ್ಕ.

ಓದುವ ಕಣ್ಣಿಗೆ ಇಂಥ ಪುಟವು ಮುಳ್ಳಿನ ಬೇಲಿಯಂತೆ ಕಾಣುತ್ತದೆ. ಸೌಂದರ್ಯದ ಮಾತನ್ನು ಅಲ್ಲಿ ಆಡುವಂತೆಯೇ ಇಲ್ಲ. ಆದರೆ ಗುಟೆನ್‌ಬರ್ಗನ ಕಾಲದಿಂದ ಈಚೆಗೆ, ತನ್ನಲ್ಲಿ ಮುದ್ರಾರಾಕ್ಷಸನು ಎಲ್ಲಿ ಅಡಗಿದ್ದಾನೆಂಬುದನ್ನು ತಾನೇ ಸಾಲು ಸಹಿತ ತೋರಿಸಿಕೊಡುವ ಇಂಥ ಪುಸ್ತಕಗಳು ವಿರಳ.

ಸಂಪುಟಗಳು ನ್ಯಾಯವಾಗಿ, ಹಗಲು ಬೆಳಕಿನಲ್ಲಿ, ಅಮೆರಿಕದ ಗಡಿ ದಾಟಿ ಯುರೋಪಿಗೆ ಹೋದವು. ನಾರ್ವೆಯ ಸ್ಟಾಲೆ ಶೂಮಾಕರ್ ಈ ಕೆಲಸದ ಮುಂದಾಳು. ಯುರೋಪಿನ ನಾನಾ ದೇಶಗಳ ಎಪ್ಪತ್ತಕ್ಕೂ ಹೆಚ್ಚು ಮಂದಿ, ಒಟ್ಟು ಸಾವಿರ ಗಂಟೆಗಳಿಗೂ ಮೀರಿ ದುಡಿದು, ಪುಟಗಳನ್ನು ಯಂತ್ರದ ಕಣ್ಣಿಗೆ ಒಡ್ಡಿ, ತಾಳೆ ಹೊಂದದ ಸಾಲುಗಳನ್ನು ಒಂದೊಂದಾಗಿ ತಿದ್ದಿ, ಕ್ರಮವಿಧಿಯನ್ನು ಕಾಗದದಿಂದ ಮತ್ತೆ ಎಬ್ಬಿಸಿದರು. ಕೂಲಿಯಿಲ್ಲದೆ ಕರಡು ತಿದ್ದಿದ ಆ ಎಪ್ಪತ್ತು ಮಂದಿಯನ್ನು ನೆನೆದಾಗ ಯಾವ ಪತ್ರಿಕಾಲಯದ ಕರಡು ತಿದ್ದುವವನಿಗಾದರೂ ಮೈ ಜುಮ್ಮೆನ್ನಬೇಕು. ಮರುವರ್ಷ, 1998ರಲ್ಲಿ, ಅಮೆರಿಕ ಸರ್ಕಾರದ ಅಂಗೀಕೃತ ಗೂಢಲಿಪಿಯೊಂದನ್ನು ಒಡೆಯುವ ಯಂತ್ರದ ವಿವರಗಳು ಪುಸ್ತಕವಾಗಿ ಬಂದಾಗಲೂ ಅದರ ಮೂಲಪಾಠವನ್ನು ಇದೇ ತಾಳೆಯಂಕಿಗಳ ಪದ್ಧತಿಯಲ್ಲಿ ಅಚ್ಚು ಹಾಕಿದರು. 2000ದ ಜನವರಿಯಲ್ಲಿ ಸರ್ಕಾರವು ನಿಯಮಗಳನ್ನು ಸಡಿಲಿಸಿತು. ಬಹಿರಂಗವಾಗಿ ಪ್ರಕಟವಾದ ಮೂಲಪಾಠವನ್ನು ಕಳುಹಿಸಲು ಕಾಗದದ ವೇಷ ಬೇಕಾಗಲಿಲ್ಲ.

ಇಂದಿನ ಪುಟಗಳು

ಈಗ ಪುಸ್ತಕ ಕಟ್ಟುವವನ ಮುಂದೆ ಸಾಧನಗಳು ಹೇರಳವಾಗಿವೆ. ಟೆಕ್‌ನ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಕಟ್ಟಿದ ‘ಲೇಟೆಕ್’ನಲ್ಲಿ, ಬರೆದುದನ್ನು ಹಾಗೆಯೇ ತೋರಿಸುವ ಸರಳ ವ್ಯವಸ್ಥೆಯೊಂದು ಮೊದಲಿಂದಲೂ ಇದೆ. 1996ರಲ್ಲಿ ಕಾರ್ಸ್ಟೆನ್ ಹೈಂಟ್ಸ್ ಆರಂಭಿಸಿದ ‘ಲಿಸ್ಟಿಂಗ್ಸ್’ ಎಂಬ ಜೋಡಣೆಯು ಆಜ್ಞಾಪದಗಳನ್ನು ತಾನೇ ಗುರುತಿಸಿ ದಪ್ಪಗೊಳಿಸುತ್ತದೆ, ಸಾಲುಗಳಿಗೆ ಅಂಕಿ ಹಾಕುತ್ತದೆ. ‘ಮಿಂಟೆಡ್’ ಎಂಬ ಇನ್ನೊಂದು, 2006ರಲ್ಲಿ ಬಂದ ‘ಪಿಗ್ಮೆಂಟ್ಸ್’ ಎಂಬ ಹೊರಗಿನ ಕ್ರಮವಿಧಿಯ ನೆರವಿನಿಂದ ಬಣ್ಣ ಬಳಿಯುತ್ತದೆ. ಬಣ್ಣವು ತೆರೆಯ ಮೇಲೆ ಚೆನ್ನ. ಕಪ್ಪುಬಿಳುಪಿನ ಅಚ್ಚಿನಲ್ಲಿ ಹಳದಿಯ ಪದಗಳು ಮಂಜಾಗಿ ಮಾಯವಾಗುವುದನ್ನು ಹಲವು ಪ್ರಕಾಶಕರು ಪುಸ್ತಕ ಹೊರಬಂದ ಮೇಲೆ ಕಾಣುತ್ತಾರೆ.

ಆದರೂ ಹಳೆಯ ರಾಕ್ಷಸನು ಹೊಸ ಮನೆಯಲ್ಲಿಯೂ ಇದ್ದಾನೆ. ಇಂದಿನ ಓದುಗನು ಪುಟದಿಂದ ಕೈಯಾರೆ ನಕಲು ಮಾಡುವುದಿಲ್ಲ. ಪಿಡಿಎಫ್ ಪುಟದಿಂದ ಸಾಲುಗಳನ್ನು ಎತ್ತಿ ಗಣಕಕ್ಕೆ ಅಂಟಿಸುತ್ತಾನೆ. ಆಗ ಸಾಲಿನ ಅಂಕಿಗಳೂ ಜೊತೆಗೆ ಬರುತ್ತವೆ. ಲಿಸ್ಟಿಂಗ್ಸ್ ಜೋಡಣೆಯು ಅಡ್ಡಗೆರೆಯನ್ನು ಗಣಿತದ ಕಳೆಯುವ ಚಿಹ್ನೆಯಾಗಿ ಅಚ್ಚು ಹಾಕುತ್ತದೆ. ಕಣ್ಣಿಗೆ ಎರಡೂ ಗೆರೆಯೇ, ಯಂತ್ರಕ್ಕೆ ಬೇರೆ ಬೇರೆ. ಕಂಬಸಾಲು ಕೂಡಿಸಲು ಅಕ್ಷರಗಳನ್ನು ದೂರ ದೂರ ಇಟ್ಟರೆ ಎತ್ತಿದಾಗ ಪದದ ನಡುವೆ ತೆರಪುಗಳು ಹುಟ್ಟುತ್ತವೆ. ಇವುಗಳಿಗೆಲ್ಲ ಪರಿಹಾರವುಂಟು, ಸಾಧನದ ಕೈಪಿಡಿಯಲ್ಲಿ ಬರೆದೂ ಇದೆ. ಕೈಪಿಡಿಯನ್ನು ಓದುವವರು ಕಡಮೆ.

ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಇದರ ಒಂದು ರೂಪವನ್ನು ವರ್ಷವರ್ಷವೂ ಕಾಣಬಹುದು. ಪ್ರಯೋಗದ ಕೈಪಿಡಿಯನ್ನು ಪತ್ರ ಬರೆಯುವ ಸಾಮಾನ್ಯ ತಂತ್ರಾಂಶದಲ್ಲಿ ಸಿದ್ಧಪಡಿಸಿರುತ್ತಾರೆ. ಅದು ನೆಟ್ಟಗಿನ ಉದ್ಧರಣ ಚಿಹ್ನೆಗಳನ್ನೆಲ್ಲ ಕೇಳದೆಯೇ ಬಾಗಿಸಿರುತ್ತದೆ. ವಿದ್ಯಾರ್ಥಿಯು ಎತ್ತಿ ಅಂಟಿಸಿದರೆ, ಸಿ ಭಾಷೆಯ ಅನುವಾದಕವು ‘342 ಎಂಬ ದಾರಿತಪ್ಪಿದ ಚಿಹ್ನೆಯಿದೆ’ ಎಂದು ದೂರುತ್ತದೆ. ಪುಟದಲ್ಲೆಲ್ಲಿಯೂ 342 ಇಲ್ಲ! ಬಾಗಿದ ಉದ್ಧರಣ ಚಿಹ್ನೆಯನ್ನು ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟುಗಳಾಗಿ ಬರೆಯುತ್ತಾರೆ. ಅದರ ಮೊದಲ ಬೈಟಿನ ಬೆಲೆ ಎಂಟರ ಲೆಕ್ಕದಲ್ಲಿ 342. ಇದನ್ನು ಯಾರೂ ಹೇಳಿಕೊಡದ ಹುಡುಗನು ತನ್ನ ಬುದ್ಧಿಯಲ್ಲಿಯೇ ದೋಷವಿದೆಯೆಂದು ಬಗೆದು ಕೂರುತ್ತಾನೆ.

ಕ್ರಮವಿಧಿಯ ನಡುವೆ ಕನ್ನಡದಲ್ಲಿ ಟಿಪ್ಪಣಿ ಬರೆಯುವವರ ಕಷ್ಟ ಬೇರೆಯೇ. ಎಲ್ಲ ಅಕ್ಷರಕ್ಕೂ ಒಂದೇ ಅಗಲ ಎಂಬ ಬೆರಳಚ್ಚಿನ ನಿಯಮವು ರೋಮನ್ ಲಿಪಿಗೆ ಹೇಗೋ ಒಗ್ಗಿತು. ‘ಸ್ತ್ರೀ’ ಎಂಬುದನ್ನು ಕನ್ನಡಿಗನು ಒಂದು ಅಕ್ಷರವೆಂದು ಎಣಿಸುತ್ತಾನೆ. ಯಂತ್ರದ ಯೂನಿಕೋಡ್ ಲೆಕ್ಕದಲ್ಲಿ ಅದು ಆರು: ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರದ ಚಿಹ್ನೆ. ಬೈಟುಗಳ ಲೆಕ್ಕದಲ್ಲಿ ಹದಿನೆಂಟು. ಒಂದು ಮನೆಯಲ್ಲಿ ಕೂರಿಸಿದರೆ ಒತ್ತಕ್ಷರಗಳು ಗೋಡೆಗೆ ತಾಗುತ್ತವೆ. ಆರು ಮನೆ ಕೊಟ್ಟರೆ ಬಯಲಾಗುತ್ತದೆ. ಬೈಟುಗಳನ್ನೇ ಎಣಿಸುವ ಹಳೆಯ ಟೆಕ್‌ನ ಮೇಲೆ ಲಿಸ್ಟಿಂಗ್ಸ್ ಜೋಡಣೆಯು ಇಂಥ ಸಾಲನ್ನು ಕಂಡರೆ ಕಂಗಾಲಾಗುತ್ತದೆ. 2004ರಲ್ಲಿ ಜೊನಾಥನ್ ಕ್ಯೂ ರೂಪಿಸಿದ ‘ಜೀಟೆಕ್’ ಬಂದ ಮೇಲೆ ಯೂನಿಕೋಡಿನ ಕನ್ನಡವು ಪುಟದಲ್ಲಿ ಅಂದವಾಗಿಯೇ ಕೂರುತ್ತದೆ. ಕಂಬಸಾಲು ಮಾತ್ರ ಅಲ್ಲಿಯೂ ಕದಲುತ್ತದೆ. ಅನುಭವಸ್ಥರು ಕನ್ನಡದ ಟಿಪ್ಪಣಿಯನ್ನು ಆಜ್ಞೆಯ ಸಾಲಿನ ಬಾಲಕ್ಕೆ ಅಂಟಿಸದೆ, ಅದರ ಮೇಲೆ ಪ್ರತ್ಯೇಕವಾದ ಒಂದು ಸಾಲಿನಲ್ಲಿ ಬರೆಯುತ್ತಾರೆ. ಹಾಗೆ ಬರೆದಾಗ ಟಿಪ್ಪಣಿ ಎಷ್ಟು ಅಗಲವಾದರೂ ಕೆಳಗಿನ ಸಾಲುಗಳ ಸೈನ್ಯವು ಹೆಜ್ಜೆ ತಪ್ಪುವುದಿಲ್ಲ.